ಒಣಗೋಕೆ ತಿಂಗಳು

ಕತ್ರಿಗುಪ್ಪೆಯಲ್ಲಿ ನಮ್ಮ ಮೇಲಿನ ಮನೆಯ ಆಂಟಿ ಮನೆಯಲ್ಲೇ ಶಾಂಪೂ ಬಿಲ್ಲೆ ಮಾಡುತ್ತಿದ್ದರು. ಕೊಬ್ಬರಿ ಎಣ್ಣೆಗೆ ಕಾಸ್ಟಿಕ್ ಸೋಡಾ ಕರಗಿಸಿದ ನೀರು, ಸೀಗೆಪುಡಿ ಹಾಕಿ ಕಲಸುವ ಮುಂಚೆ ನಮ್ಮನ್ನೆಲ್ಲ ಕರೆದು, ಕಣ್ಣು ಮುಚ್ಚಿಕೊಂಡು ಕೂದಲಲ್ಲಿ ಬೆರಳಾಡಿಸುತ್ತಿದ್ದರು. ಒಬ್ಬೊಬ್ಬರ ತಲೆಗೂ ಬೇರೆ ಬೇರೆ ಬಿಲ್ಲೆ. ಯಾವಾಗ ಕೊಡ್ತೀರಿ ಎಂದರೆ ಒಂದೇ ಮಾತು: "ಒಣಗೋಕೆ ತಿಂಗಳು ಬೇಕಮ್ಮ."

ಒಮ್ಮೆ ಎದುರುಮನೆ ಅಕ್ಕನ ತಲೆಯಲ್ಲಿ ಆ ಬೆರಳು ನಿಂತುಬಿಟ್ಟಿತು. "ಈ ಸಲ ನಿಂಗೆ ಬೇಡ ಬಿಡು" ಎಂದು ಎದ್ದು ಹೋಗಿ ಕೈ ತೊಳೆದುಕೊಂಡರು. ಅಕ್ಕ ಮುನಿಸಿಕೊಂಡಳು. ನಮ್ಮ ಬಿಲ್ಲೆಗಳು ಒಣಗುವಷ್ಟರಲ್ಲಿ ಅವಳಿಗೆ ಕ್ಯಾನ್ಸರ್ ಎಂದು ಗೊತ್ತಾಗಿ, ಕೀಮೋ ಶುರುವಾಗಿ, ಕೂದಲೆಲ್ಲ ಉದುರಿಹೋಗಿತ್ತು. ಅಂದಿನಿಂದ ಆಂಟಿ ಕರೆದರೆ ನನಗೆ ಭಯ. ಕರೆಯದಿದ್ದರೆ ಇನ್ನೂ ಭಯ.

ತೀರಿಕೊಳ್ಳುವ ಹಿಂದಿನ ವಾರವೂ ಆಂಟಿ ಗಟ್ಟಿಮುಟ್ಟಾಗಿಯೇ ಇದ್ದರು. ಬಾಲ್ಕನಿಯ ನೆರಳಲ್ಲಿ ಹಸಿ ಬಿಲ್ಲೆಗಳನ್ನು ಜೋಡಿಸುತ್ತಿದ್ದರು. ನನ್ನದಿತ್ತು, ಅಮ್ಮನದಿತ್ತು. ಅಕ್ಕನಿಗೆ ಮತ್ತೆ ಕೂದಲು ಚಿಗುರುತ್ತಿತ್ತು, ಅವಳದೂ ಇತ್ತು.

"ನಿಮ್ಮದೆಲ್ಲಿ ಆಂಟಿ?" ಎಂದೆ.

ತಮ್ಮ ದಪ್ಪ ತುರುಬಿನೊಳಗೆ ಮೆಲ್ಲಗೆ ಬೆರಳಾಡಿಸಿ ನಕ್ಕರು. "ಒಣಗೋಕೆ ತಿಂಗಳು ಬೇಕಲ್ಲಮ್ಮ."