ರಾಣಿಗೆ ಹುಚ್ಚು ಹಿಡಿಸಿದವಳು

ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಕೂಗಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಕೂಗುವುದೇ ಅವಳ ಕೆಲಸ. ನಾಯಕಿಯರ ಗಂಟಲು ನಾಜೂಕು, ಒಂದು ದಿನ ಕಿರುಚಿದರೆ ವಾರವೆಲ್ಲ ಮಾತು ಹೊರಡದು. ಹಾಗಾಗಿ ಪರದೆಯ ಮೇಲೆ ಯಾರು ಬೆಂಕಿಗೆ ಬಿದ್ದರೂ, ಯಾರು ಮೆಟ್ಟಿಲಿಂದ ಉರುಳಿದರೂ, ಯಾರಿಗೆ ಹೆರಿಗೆ ನೋವು ಬಂದರೂ ಗಂಟಲು ಮಾತ್ರ ಕೂಗಕ್ಕನದು. ಬೆಳಿಗ್ಗೆ ಹತ್ತಕ್ಕೆ ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಕೊಂಡು ಹೋಗಿ, ಮಧ್ಯಾಹ್ನದೊಳಗೆ ಮೂರು ಸಲ ಸತ್ತು, ಊಟಕ್ಕೆ ಮನೆಗೆ ಬರುತ್ತಿದ್ದಳು. ಕೆಲಸದ ಬಗ್ಗೆ ಅವಳಿಗೆ ನಾಚಿಕೆಯೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಒಂದೇ ಒಂದು ವಿಷಯಕ್ಕೆ ಮೈಯೆಲ್ಲ ಉರಿಯುತ್ತಿತ್ತು. ಅದು ಹುಚ್ಚಿನ ದೃಶ್ಯ.

ಸಿನಿಮಾದವರ ಹುಚ್ಚಿಗೆ ಒಂದು ಕ್ರಮವಿದೆ. ಮೊದಲು ಕೂದಲು ಬಿಚ್ಚಬೇಕು. ಆಮೇಲೆ ನಗಬೇಕು, ನಗುತ್ತಾ ನಗುತ್ತಾ ಅಳಬೇಕು, ಅಳುತ್ತಾ ಓಡಬೇಕು. ಹಿಂದೆ ಗುಡುಗು. ಕೂಗಕ್ಕ ಇಂಥ ನಲವತ್ತು ಹುಚ್ಚಿಯರಿಗಾದರೂ ನಕ್ಕಿರಬೇಕು. ಒಬ್ಬಳಿಗಾದರೂ ತಲೆ ನಿಜವಾಗಿ ಕೆಟ್ಟಿತ್ತೆಂದು ಅವಳಿಗೆ ಅನ್ನಿಸಿರಲಿಲ್ಲ.

ಆ ವರ್ಷ ಹಳೆಯ ದುರಂತ ನಾಟಕವೊಂದನ್ನು ಸಿನಿಮಾ ಮಾಡಿದರು. ಅದರ ಕಥೆ ಕೂಗಕ್ಕನಿಗೆ ಬಾಯಿಪಾಠ. ಶತ್ರುಗಳು ಅಟ್ಟಿಸಿಕೊಂಡು ಬರುವಾಗ ರಾಣಿ ಸಿಂಹಾಸನದ ಆಸೆಗೆ ಕೋಟೆಯ ಬಾಗಿಲು ಹಾಕಿಸುತ್ತಾಳೆ. ಸ್ವಂತ ಅಣ್ಣ ಹೊರಗೆ ಬಾಗಿಲು ಬಡಿಯುತ್ತಲೇ ಸಾಯುತ್ತಾನೆ. ಕೊನೆಯ ಅಂಕದಲ್ಲಿ ಪಾಪ ತಲೆಗೇರಿ ರಾಣಿಗೆ ಹುಚ್ಚು ಹಿಡಿಯುತ್ತದೆ. ಹರೆಯದಲ್ಲಿ ಕೂಗಕ್ಕ ನಾಟಕ ಕಂಪನಿಯಲ್ಲಿದ್ದಾಗ ಈ ದೃಶ್ಯದಲ್ಲಿ ದಾಸಿಯಾಗಿ ದೀಪ ಹಿಡಿದು ಒಂಬತ್ತು ವರ್ಷ ನಿಂತಿದ್ದಳು. ಅಲ್ಲಿ ರಾಣಿಯ ಪಾತ್ರದವಳು ಅರಚುತ್ತಿದ್ದುದಕ್ಕೆ ಕಾರಣವಿತ್ತು. ಕೊನೆಯ ಬೆಂಚಿನವನಿಗೂ ಕೇಳಿಸಬೇಕಲ್ಲ.

ಡಬ್ಬಿಂಗ್ ದಿನ ಗಾಜಿನಾಚೆ ನಿರ್ದೇಶಕನೂ ಸೌಂಡ್ ಮೇಷ್ಟ್ರೂ ಕೂತಿದ್ದರು. ನಿರ್ದೇಶಕನಿಗೆ ಮೂವತ್ತೈದರ ವಯಸ್ಸು, ಮಾತು ಮೃದು, ಯಾರ ಮೇಲೂ ರೇಗುವವನಲ್ಲ. ಅದೇ ಕೂಗಕ್ಕನಿಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು. ನಾಲ್ಕು ಟೇಕ್ ಆಯಿತು. ನಕ್ಕಳು, ಅತ್ತಳು, ಉಸಿರು ಕಟ್ಟಿ ಕಿರುಚಿದಳು.

"ಚೆನ್ನಾಗಿದೆ ಅಕ್ಕ. ಆದ್ರೆ ಇನ್ನೂ ಸ್ವಲ್ಪ ಹುಚ್ಚು ಬೇಕು," ಎಂದ ನಿರ್ದೇಶಕ.

"ಎಷ್ಟು ಬೇಕು ಹೇಳಿ ಸರ್. ಕಾಲು ಕೇಜಿನಾ, ಅರ್ಧ ಕೇಜಿನಾ?"

ಸೌಂಡ್ ಮೇಷ್ಟ್ರು ಕೆಮ್ಮಿದರು. ನಿರ್ದೇಶಕ ನಕ್ಕ. "ಪಾಪಪ್ರಜ್ಞೆ ಅಕ್ಕ. ಅದು ಅವಳನ್ನ ಒಳಗಿಂದ ಸುಡ್ತಿದೆ."

"ಒಳಗೆ ಸುಡೋದಾದ್ರೆ ಹೊರಗೆ ಯಾಕೆ ಸರ್ ಇಷ್ಟು ಗಲಾಟೆ? ನಾಟಕದಲ್ಲಿ ಹಿಂದಿನ ಬೆಂಚಿಗೆ ಕೇಳ್ಲಿ ಅಂತ ಅರಚ್ತಿದ್ರು. ನೀವು ಕ್ಯಾಮೆರಾನ ಅವಳ ಕಣ್ಣೊಳಗೇ ತೂರ್ಸಿದೀರ. ಇಲ್ಲೂ ಯಾಕೆ ಅರಚ್ಬೇಕು? ತಪ್ಪು ಮಾಡಿ ತಲೆ ಕೆಟ್ಟವರನ್ನ ಒಬ್ರನ್ನಾದ್ರೂ ನೋಡಿದೀರಾ ನೀವು?"

"ನೀವು ನೋಡಿದೀರಾ?"

ಕೂಗಕ್ಕ ಫ್ಲಾಸ್ಕಿನಿಂದ ಒಂದು ಗುಟುಕು ಬಿಸಿನೀರು ಕುಡಿದಳು. ಅವಳು ನೋಡಿದ್ದಳು. ಅವತ್ತು ಬೆಳಿಗ್ಗೆ ಮನೆ ಬಿಡುವಾಗಲೂ ನೋಡಿಯೇ ಬಂದಿದ್ದಳು.

ಅವಳ ಅಣ್ಣ ಬಸ್ ಡ್ರೈವರ್ ಆಗಿದ್ದವನು. ಹನ್ನೆರಡು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಡಿಪೋದಲ್ಲಿ ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಗೋಡೆಗೂ ಬಸ್ಸಿಗೂ ನಡುವೆ ಸಿಕ್ಕಿ ಕಂಡಕ್ಟರ್ ಸತ್ತುಹೋದ. ಹನ್ನೊಂದು ವರ್ಷ ಅಣ್ಣನ ಬಸ್ಸಿನಲ್ಲೇ ಇದ್ದವನು, ಹಬೆಯಾಡುವ ಟೀಯನ್ನು ಒಂದೇ ಲೋಟದಲ್ಲಿ ಹಂಚಿಕೊಂಡು ಕುಡಿದವನು. ವಿಚಾರಣೆ ನಡೆಯಿತು, ಆಕಸ್ಮಿಕ ಎಂದು ಬರೆದು ಫೈಲು ಮುಚ್ಚಿದರು. ಅಣ್ಣ ಅಳಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು ಉಂಡ, ಮಲಗಿದ. ಗಟ್ಟಿ ಮನುಷ್ಯ ಎಂದರು ಎಲ್ಲರೂ.

ಮೂರು ತಿಂಗಳ ಮೇಲೆ ಶುರುವಾಯಿತು. ಒಂದು ದಿನ ಕುರ್ಚಿ ಎಳೆದುಕೊಳ್ಳುವ ಮುಂಚೆ ನಿಂತು, "ಹಿಂದೆ ಯಾರಾದ್ರೂ ಇದಾರಾ ನೋಡು," ಎಂದ. ತಮಾಷೆ ಎಂದುಕೊಂಡಳು. ಆಮೇಲೆ ಬಾಗಿಲು ಹಾಕುವ ಮುಂಚೆ, ಮಂಚದ ಮೇಲೆ ಕೂರುವ ಮುಂಚೆ, ಒಂದು ಹೆಜ್ಜೆ ಹಿಂದೆ ಸರಿಯುವ ಮುಂಚೆ, ಅದೇ ಮಾತು. ಹಾಲು ಉಕ್ಕಿತಾ ನೋಡು ಎನ್ನುವಷ್ಟೇ ಸಾದಾ ದನಿ. ಅತ್ತಿಗೆಯೋ ಕೂಗಕ್ಕನೋ "ಯಾರೂ ಇಲ್ಲ, ಕೂತ್ಕೋ" ಎನ್ನಬೇಕು. ಅನ್ನದಿದ್ದರೆ ಗಂಟೆಗಟ್ಟಲೆ ನಿಂತೇ ಇರುತ್ತಿದ್ದ. ಡಾಕ್ಟರು ಮಾತ್ರೆ ಬದಲಿಸಿದರು, ಮಾತು ಬದಲಾಗಲಿಲ್ಲ. ಉಳಿದದ್ದಕ್ಕೆಲ್ಲ ಅವನು ನೆಟ್ಟಗೇ ಇದ್ದ. ಪೇಪರ್ ಓದುತ್ತಿದ್ದ, ತರಕಾರಿ ಹೆಚ್ಚುತ್ತಿದ್ದ, ತಲೆಯನ್ನು ನೀಟಾಗಿ ಬಾಚುತ್ತಿದ್ದ.

ಇದನ್ನೆಲ್ಲ ಆ ಮೃದು ಮಾತಿನವನಿಗೆ ಹೇಳುವುದು ಹೇಗೆ? ಆದರೆ ಅವನು ಮತ್ತೆ, "ಸರಿ, ಐದನೇ ಟೇಕ್, ನಗುವಿನಿಂದ ಹೋಗೋಣ," ಎಂದಾಗ ಕೂಗಕ್ಕನ ತಾಳ್ಮೆ ಕೆಟ್ಟಿತು. ಪರದೆಯ ಮೇಲೆ ರಾಣಿ ನಕ್ಕು ಮುಗಿಸಿ, ಬಾಗಿಲ ಕಡೆ ತಿರುಗಿ, ನಮಗೆ ಬೆನ್ನು ಕೊಟ್ಟು ನಿಲ್ಲುವ ಹನ್ನೆರಡು ಸೆಕೆಂಡು ಇತ್ತು. ತುಟಿ ಕಾಣದ ಜಾಗ, ಏನು ಬೇಕಾದರೂ ಹೇಳಬಹುದು. ಅಲ್ಲಿ ಬಿಕ್ಕಬೇಕೆಂದು ಬರೆದಿತ್ತು. ಕೂಗಕ್ಕ ಬಿಕ್ಕಲಿಲ್ಲ. ಮೈಕಿನ ಹತ್ತಿರ ಸರಿದು, ಅಣ್ಣನ ದನಿಯಲ್ಲೇ, ಏರಿಳಿತವಿಲ್ಲದೆ ಹೇಳಿದಳು: "ಹಿಂದೆ ಯಾರಾದ್ರೂ ಇದಾರಾ ನೋಡು."

ಗಾಜಿನಾಚೆಯಿಂದ ನಿರ್ದೇಶಕ ಎದ್ದು ಒಳಗೇ ಬಂದ. ಅವನ ಕಣ್ಣು ಒದ್ದೆಯಾಗಿತ್ತು.

"ಎಲ್ಲಿಂದ ತಂದ್ರಿ ಅಕ್ಕ ಇದನ್ನ?"

"ಮನೆಯಿಂದ," ಎಂದಳು. ಹೇಳಿದ್ದೇ ನಾಲಿಗೆ ಕಚ್ಚಿಕೊಂಡಳು. ಆದರೂ ಅವತ್ತು ದಾರಿಯುದ್ದಕ್ಕೂ ಒಳಗೊಳಗೇ ಹಿಗ್ಗಿದ್ದುಂಟು. ನಲವತ್ತು ಹುಚ್ಚಿಯರಾದ ಮೇಲೆ ಒಬ್ಬಳಾದರೂ ನಿಜವಾದಳಲ್ಲ ಎಂದುಕೊಂಡಳು. ಈ ಹಿಗ್ಗನ್ನು ಮುಂದೆ ತನಗೆ ತಾನೇ ಕ್ಷಮಿಸಿಕೊಳ್ಳಲಾಗಲಿಲ್ಲ.

ಸಿನಿಮಾ ಬಿಡುಗಡೆಯಾದ ಎರಡನೆಯ ದಿನ ಹಗಲಿನ ಆಟಕ್ಕೆ ಒಬ್ಬಳೇ ಹೋದಳು. ಆ ದೃಶ್ಯ ಬಂತು. ರಾಣಿ ಬೆನ್ನು ತಿರುಗಿಸಿ ನಿಂತಳು. ಕೂಗಕ್ಕನ ದನಿ ಬಂತು. ಆದರೆ ಒಂದು ಸಲವಲ್ಲ. ಕೋಟೆಯ ಗೋಡೆಗಳಿಗೆ ಬಡಿದು ಬಡಿದು, ಪ್ರತಿಧ್ವನಿಯಾಗಿ, ಐದು ಸಲ ಬಂತು. ಅದರಡಿ ಅವಳದೇ ಮೊದಲ ಟೇಕಿನ ನಗುವನ್ನು ಹಾಸಿದ್ದರು. ಮೇಲಿಂದ ಗುಡುಗು. ಮೊದಲ ಸಲಕ್ಕೆ ಜನ ಉಸಿರು ಬಿಗಿಹಿಡಿದರು. ಐದನೆಯದರ ಹೊತ್ತಿಗೆ ಹಿಂದಿನ ಸಾಲಿನವನೊಬ್ಬ ಅದನ್ನೇ ರಾಗವಾಗಿ ಹೇಳಿದ, ಸುತ್ತಲಿನವರು ಗೊಳ್ಳೆಂದು ನಕ್ಕರು.

ಒಂದು ವಾರದಲ್ಲಿ ಆ ಮಾತು ಬೀದಿಗೆ ಬಿತ್ತು. ಅಂಗಡಿಯಲ್ಲಿ ಸಾಲು ನಿಂತವರು ಒಬ್ಬರಿಗೊಬ್ಬರು ಹೇಳಿ ನಗುತ್ತಿದ್ದರು. ಲಾರಿಯ ಹಿಂಬದಿಗೆ ಸ್ಟಿಕ್ಕರ್ ಬಂತು. ಯಾರ ಯಾರದೋ ಫೋನು ಬಡಿದುಕೊಂಡರೆ ಕೂಗಕ್ಕನ ದನಿ ಹೊರಡುತ್ತಿತ್ತು. ಕೇಳಿದಾಗಲೆಲ್ಲ ಕೆನ್ನೆಗೆ ಹೊಡೆಸಿಕೊಂಡಂತಾಗಿ, ಹೊಡೆದವನು ಯಾರೆಂದು ತಿಳಿಯದೆ ಅವಳು ಕುದಿಯುತ್ತಿದ್ದಳು.

ಒಂದು ಸಂಜೆ ಮನೆಗೆ ಬಂದಾಗ ಅಣ್ಣ ಬಾಲ್ಕನಿಯಲ್ಲಿ ನಿಂತಿದ್ದ. ಪಕ್ಕದ ಮನೆಯ ಫೋನು ಬಡಿದುಕೊಳ್ಳುತ್ತಿತ್ತು. ಅದರಿಂದ ತಂಗಿಯ ದನಿ ಬರುತ್ತಿದ್ದಂತೆ ಅವನು ಹಿಂದೆ ತಿರುಗಿ, ಬಗ್ಗಿ, ಮೂಲೆ ಮೂಲೆ ನೋಡಿ, "ಯಾರೂ ಇಲ್ಲ," ಎನ್ನುತ್ತಿದ್ದ. ಫೋನು ಮತ್ತೆ ಕೇಳುತ್ತಿತ್ತು. ಅವನು ಮತ್ತೆ ನೋಡುತ್ತಿದ್ದ.

ಅತ್ತಿಗೆ ಕೂಗಕ್ಕನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ದನಿ ಏರಿಸಲಿಲ್ಲ.

"ಬೆಳಿಗ್ಗೆಯಿಂದ ಹೀಗೇ ಮಾಡ್ತಿದಾರೆ. ಹನ್ನೆರಡು ವರ್ಷ ನಾನು ಅಕ್ಕಪಕ್ಕದವರಿಗೆ ತಿಳೀದ ಹಾಗೆ ನೋಡ್ಕೊಂಡೆ. ನೀನು ಒಂದೇ ದಿನಕ್ಕೆ ಊರಿಗೆಲ್ಲ ಹಂಚಿಬಿಟ್ಯಲ್ಲ. ನಿಂಗೆ ಅರಚೋಕೆ ಬೇರೆ ಏನೂ ಸಿಗ್ಲಿಲ್ವಾ?"

ಕೂಗಕ್ಕ ಹೋಗಿ ಅಣ್ಣನನ್ನು ಒಳಗೆ ಕರೆತಂದು ಬಾಲ್ಕನಿಯ ಬಾಗಿಲು ಹಾಕಿದಳು.

ಮಾರನೆಯ ದಿನ ನಿರ್ದೇಶಕನ ಆಫೀಸಿಗೆ ನುಗ್ಗಿದಳು. ಅವನು ಎದ್ದು ನಿಂತು ಕುರ್ಚಿ ಕೊಟ್ಟ. ಅವಳು ಕೂರಲಿಲ್ಲ.

"ಆ ಮಾತನ್ನ ತೆಗೀರಿ."

"ಅಕ್ಕ, ಇಡೀ ಸಿನಿಮಾ ನಿಂತಿರೋದೇ ಅದರ ಮೇಲೆ."

"ಒಂದು ಸಲ ಹೇಳಿದ್ದನ್ನ ಐದು ಸಲ ಮಾಡಿದ್ದು ಯಾರು? ಅದರಡಿ ನನ್ನ ನಗು ಸೇರಿಸಿದ್ದು ಯಾರು? ಅಷ್ಟು ಸಾದಾ ಹೇಳಿದ್ದನ್ನ ಕೇಳಿ ಅತ್ತಿರಲ್ಲ ನೀವು. ಆಮೇಲೂ ಗುಡುಗು ಯಾಕೆ ಬೇಕಾಯ್ತು?"

"ಜನಕ್ಕೆ ತಲುಪಬೇಕಲ್ಲ ಅಕ್ಕ," ಎಂದ ಅವನು. ಆಮೇಲೆ ಮೆಲ್ಲಗೆ, "ಅವತ್ತು ಮನೆಯಿಂದ ತಂದೆ ಅಂದ್ರಿ. ಮನೇಲಿ ಯಾರಿದಾರೆ? ಅವರು ಕ್ಯಾಮೆರಾ ಮುಂದೆ ಎರಡು ಮಾತಾಡಿದ್ರೆ, ಇದು ಬರೀ ತಮಾಷೆ ಅಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತೆ. ನಾನು ಗೌರವದಿಂದಾನೇ ಮಾಡ್ತೀನಿ."

ಅವನು ಅದನ್ನು ಪ್ರಾಮಾಣಿಕವಾಗಿಯೇ ಹೇಳಿದ. ಕೂಗಕ್ಕನಿಗೆ ತಡೆಯಲಾಗದ್ದು ಅದೇ. ಕೆಟ್ಟವನಾಗಿದ್ದರೆ ಉಗಿದು ಬರಬಹುದಿತ್ತು.

"ನಿಮ್ಮ ರಾಣಿ ಎಷ್ಟು ಹೊತ್ತು ಹುಚ್ಚಿ ಆಗಿರ್ತಾಳೆ ಸರ್?"

"ಒಂಬತ್ತು ನಿಮಿಷ."

"ಆಮೇಲೆ ಸಾಯ್ತಾಳೆ. ಜನ ಎದ್ದು ಮನೆಗೆ ಹೋಗ್ತಾರೆ. ನಮ್ಮನೇಲಿ ಹನ್ನೆರಡು ವರ್ಷ ಆಯ್ತು, ಯಾರೂ ಪರದೆ ಎಳೆದಿಲ್ಲ. ನೀವು ಮನೆ ಬಾಗಿಲಿಗೆ ಬಂದ್ರೆ ಆ ಕ್ಯಾಮೆರಾ ವಾಪಸ್ ಹೋಗಲ್ಲ, ಹೇಳಿದೀನಿ."

ಅವನು ಬರಲಿಲ್ಲ. ಮಾತನ್ನೂ ತೆಗೆಯಲಿಲ್ಲ.

ಅಣ್ಣನಿಗೆ ತಾನೇ ಹೇಳಬೇಕೆಂದು ಅವಳು ನಿರ್ಧರಿಸಿದಳು. ಭಾನುವಾರ ಬೆಳಿಗ್ಗೆ ಅವನು ಬೀನ್ಸ್ ಹೆಚ್ಚುತ್ತಿದ್ದಾಗ ಎದುರಿಗೆ ಕೂತು, ಸ್ಟುಡಿಯೋದಲ್ಲಿ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. "ನಿನ್ನ ಮಾತು ಕದ್ದೆ ಅಣ್ಣ," ಎಂದಳು.

ಅವನು ಚಾಕು ಕೆಳಗಿಟ್ಟ. ಹನ್ನೆರಡು ವರ್ಷದಲ್ಲಿ ಅವನು ಅಷ್ಟು ಸಿಟ್ಟಾದದ್ದನ್ನು ಅವಳು ನೋಡಿರಲಿಲ್ಲ. ಮುಖವೆಲ್ಲ ಕೆಂಪಗಾಗಿತ್ತು.

"ನನ್ನ ಮಾತು ಅಂದ್ಕೊಂಡ್ಯಾ ಅದು? ಹನ್ನೊಂದು ವರ್ಷ ಬಸ್ ಹಿಂದಕ್ಕೆ ತೆಗೆಯೋ ಮುಂಚೆ ದಿನಾ ಅವನಿಗೆ ಹೇಳ್ತಿದ್ದ ಮಾತು. ಹಿಂದೆ ಯಾರಾದ್ರೂ ಇದಾರಾ ನೋಡು ಅಂತಿದ್ದೆ. ಅವನು ಹೋಗಿ ನೋಡಿ ಸೀಟಿ ಊದ್ತಿದ್ದ. ಅವತ್ತು ಬೆಳಿಗ್ಗೆ ಕಿಟಕಿ ಗಾಜು ಮುಚ್ಚೋ ವಿಷಯಕ್ಕೆ ಜಗಳ ಆಡಿದ್ವಿ. ಮಾತು ಬಿಟ್ಟಿದ್ವಿ. ನಾನು ಹೇಳ್ಲಿಲ್ಲ. ನಾನಾಗಿ ಯಾಕೆ ಮೊದಲು ಮಾತಾಡ್ಲಿ ಅಂತ ಸುಮ್ನೆ ಗೇರ್ ಹಾಕ್ದೆ. ನಾನು ಹೇಳದೇ ಇದ್ರೂ ಅವನು ನೋಡೋಕೆ ಹೋಗಿದ್ದ."

ವಿಚಾರಣೆಯಲ್ಲಿ ಇದು ಬಂದಿರಲಿಲ್ಲ. ಅತ್ತಿಗೆಗೂ ಗೊತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಊರಿಗೆಲ್ಲ ಕೇಳ್ಸಿದೀಯ," ಎಂದ ಅಣ್ಣ. "ಕೇಳ್ಬೇಕಾದವಳಿಗೆ ಇನ್ನೂ ಹೇಳಿಲ್ಲ. ನಡಿ."

ಕಂಡಕ್ಟರನ ಹೆಂಡತಿ ಊರಿನ ಆ ತುದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಅಣ್ಣ ತಂಗಿ ಇಬ್ಬರೂ ಹೋದಾಗ ಅವಳು ಮಷೀನಿಗೆ ದಾರ ಪೋಣಿಸುತ್ತಿದ್ದಳು. ಅಣ್ಣ ನಿಂತೇ ಹೇಳಿದ. ಗಾಜಿನ ಜಗಳ, ಬಿಟ್ಟ ಮಾತು, ಹಾಕಿದ ಗೇರು. ಅವಳು ಅರ್ಧ ಕೇಳಿ ಕೈ ಎತ್ತಿದಳು.

"ಇಷ್ಟು ವರ್ಷ ನಾನು ಏನಂದ್ಕೊಂಡಿದ್ದೆ ಗೊತ್ತಾ ನಿಮಗೆ? ಅವರೇ ಅಜಾಗರೂಕತೆ ಮಾಡ್ಕೊಂಡ್ರು ಅಂತ. ಸತ್ತವರ ಮೇಲೆ ಸಿಟ್ಟು ಮಾಡ್ಕೊಂಡು ಕೂತಿದ್ದೆ. ಫೋಟೋ ಕೂಡ ಗೋಡೆಗೆ ಹಾಕ್ಲಿಲ್ಲ. ಇವತ್ತು ಬಂದು ಹೇಳ್ತೀರಾ? ಹೋಗಿ. ಎದುರಿಗೆ ನಿಲ್ಬೇಡಿ."

ಅಣ್ಣ ಕೈಮುಗಿಯಲೂ ಹೋಗಲಿಲ್ಲ. ತಿರುಗಿ ನಡೆದ. ಅವಳು ಬಾಗಿಲನ್ನು ದಢಾರನೆ ಹಾಕಿಕೊಂಡಳು. ಅದು ಕೂಗಕ್ಕನಿಗೆ ಸರಿಯಾದ ಕೆಲಸವಾಗಿ ಕಂಡಿತು. ಆ ಮನೆಯಲ್ಲಿ ಇಂಥ ಸಿಟ್ಟು ಎಂದೋ ಬರಬೇಕಾಗಿತ್ತು, ದಾರಿ ತಪ್ಪಿ ಹನ್ನೆರಡು ವರ್ಷ ಒಬ್ಬ ಸತ್ತವನ ಮೇಲೆ ಬಿದ್ದಿತ್ತು.

ಅಣ್ಣನಿಗೆ ವಾಸಿಯಾಯಿತೆಂದರೆ ಸುಳ್ಳಾಗುತ್ತದೆ. ಕುರ್ಚಿ ಎಳೆಯುವ ಮುಂಚೆ ಈಗಲೂ ಕೇಳುತ್ತಾನೆ. ಕೂಗಕ್ಕ ಹುಚ್ಚಿನ ದೃಶ್ಯಗಳನ್ನು ಬಿಟ್ಟಳು. ಬೆಂಕಿಗೂ ಮೆಟ್ಟಿಲಿಗೂ ಕಿರುಚುತ್ತಾಳೆ, ಅಷ್ಟೇ. ಸೌಂಡ್ ಮೇಷ್ಟ್ರು ಕಾರಣ ಕೇಳಿದಾಗ, "ನಂಗೆ ಬರಲ್ಲ," ಎಂದಳು.

ಇಪ್ಪತ್ತು ದಿನದ ಮೇಲೆ ಕಂಡಕ್ಟರನ ಹೆಂಡತಿ ಫೋನು ಮಾಡಿದಳು. ದನಿಯಲ್ಲಿ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ.

"ಅವತ್ತು ನಾನು ಪೂರ್ತಿ ಕೇಳಿಸ್ಕೊಳ್ಲಿಲ್ಲ. ನಿಮ್ಮಣ್ಣನಿಗೆ ಬರೋಕೆ ಹೇಳಿ. ಮೊದಲಿಂದ ಹೇಳ್ಬೇಕು, ನನ್ನ ಮಗಳ ಎದುರಿಗೆ."

ಅಣ್ಣ ಗಡ್ಡ ಹೆರೆದುಕೊಂಡ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡ. ಕೂಗಕ್ಕ ಚಪ್ಪಲಿ ಮೆಟ್ಟಲು ಹೋದಾಗ ತಡೆದ.

"ನೀನು ಬೇಡ. ನೀನು ಬಂದ್ರೆ ನಾಳೆ ಇದೂ ಸಿನಿಮಾಕ್ಕೆ ಹೋಗುತ್ತೆ."

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಅತ್ತಿಗೆ ಕೊಡೆ ಹಿಡಿದುಕೊಂಡು ಗಂಡನ ಜೊತೆ ಹೋದಳು.