ಇಟ್ಟಿಗೆ ಬಣ್ಣದ ಕುಲಾವಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂಬ ಗಾದೆಯನ್ನು ಬೆಂಗಳೂರಿನ ಆಫೀಸಿನಲ್ಲಿ ನಾನು ಎಷ್ಟು ಸಲ ಬಳಸಿದ್ದೇನೋ. ಪ್ರಾಜೆಕ್ಟ್ ಕೈಗೆ ಬರುವ ಮೊದಲೇ ಪಾರ್ಟಿಗೆ ಹೋಟೆಲ್ ಹುಡುಕುವವರನ್ನು ಕಿಚಾಯಿಸಲು ಅದಕ್ಕಿಂತ ಒಳ್ಳೆಯ ಮಾತಿಲ್ಲ. ಆ ಗಾದೆ ನಿಜವಾದ ಕುಲಾವಿಯಾಗಿಯೇ ನನ್ನ ಬಾಗಿಲಿಗೆ ಬಂದು ನಿಂತಿದ್ದು ಜರ್ಮನಿಯ ಪುಟ್ಟ ಊರು ಹರ್ಟ್ಸೋಗೆನಾವ್‌ರಾಕ್‌ನಲ್ಲಿ, ಒಂದು ಅಕ್ಟೋಬರ್ ಮಧ್ಯಾಹ್ನ.

ಆಗ ನಾನು ತುಂಬು ಬಸುರಿ. ಗಂಡನಿಗೆ ಮ್ಯಾನ್‌ಹೈಮ್‌ನ ಕ್ಲೈಂಟ್ ಕೆಲಸ. ಸೋಮವಾರ ಬೆಳಿಗ್ಗೆ ಹೋದರೆ ಗುರುವಾರ ರಾತ್ರಿಯೇ ಬರುವುದು. ಬಾಣಂತನಕ್ಕೆ ಬರಬೇಕಾದ ಅಮ್ಮನ ವೀಸಾ ಬಂದಿರಲಿಲ್ಲ. ಪೇಟೆಗೆ ಹೋದರೆ ಕನ್ನಡ ಕಿವಿಗೆ ಬೀಳುತ್ತಿತ್ತು, ನಿಜ. ಆದರೆ ಅವರೆಲ್ಲ ಕತ್ತಿನಲ್ಲಿ ಐಡಿ ಕಾರ್ಡ್ ನೇತುಹಾಕಿಕೊಂಡು ಓಡುವವರು. ಹಗಲು ಹೊತ್ತು ಮನೆಯಲ್ಲಿರುವವಳು ನಾನೊಬ್ಬಳೇ. ಇಲ್ಲ, ಇನ್ನೊಬ್ಬರಿದ್ದರು, ಕೆಳಗಿನ ಮನೆಯ ಅಜ್ಜಿ.

ಅವರನ್ನು ‘ಫ್ರಾವ್’ ಸೇರಿಸಿ ಮನೆತನದ ಹೆಸರಿನಿಂದ ಕರೆಯಬೇಕು, ಹಾಗೆಯೇ ಕರೆಯುತ್ತಿದ್ದೆ. ಮನಸ್ಸಿನೊಳಗೆ ಮಾತ್ರ ಅಜ್ಜಿ. ಸೆಪ್ಟೆಂಬರಿನಲ್ಲಿ ಅಂಗಳದ ಮರದ ಕೆಳಗೆ ಬಿದ್ದಿದ್ದ ಹೊಳೆಯುವ ಕಾಯಿಗಳನ್ನು ಹುರಿದು ತಿನ್ನೋಣವೆಂದು ಆರಿಸುತ್ತಿದ್ದಾಗ ಅವರು ಕಿಟಕಿಯಿಂದ ಕೂಗಿಕೊಂಡಿದ್ದರು. ಅದು ತಿನ್ನುವ ಚೆಸ್ಟ್‌ನಟ್ ಅಲ್ಲವಂತೆ, ಹೊಟ್ಟೆ ಕೆಡಿಸುವ ಕಾಡುಕಾಯಿ. ಅಂದು ಒಳಗೆ ಕರೆದು ಪ್ಲಮ್ ಹಣ್ಣಿನ ಕೇಕ್ ಕೊಟ್ಟರು. ಮರುದಿನ ಕ್ರೋಶಾ ಕಡ್ಡಿಯನ್ನೂ ಕೊಟ್ಟರು. ಆಮೇಲೆ ದಿನಾ ಊಟವಾದ ಮೇಲೆ ಅವರ ಸೋಫಾದ ಒಂದು ಮೂಲೆ ನನ್ನದಾಯಿತು.

ಅವರ ಮನೆಯಲ್ಲಿ ಡಿಸೆಂಬರಿಗೆ ಮುಂಚೆ ಹೀಟರ್ ಹಾಕುವ ಮಾತೇ ಇಲ್ಲ. ನಾನು ಕೈ ಉಜ್ಜಿಕೊಂಡರೆ ಗದರುತ್ತಿದ್ದರು, “ಚಳಿಯಾದರೆ ಕಾರ್ಡಿಗನ್ ಹಾಕಿಕೋ. ಹೀಟರ್ ಇರುವುದು ಸೋಮಾರಿಗಳಿಗೆ.” ಅವರು ಸದಾ ಹಾಕುತ್ತಿದ್ದದ್ದು ಒಂದೇ, ಇಟ್ಟಿಗೆ ಬಣ್ಣದ ದೊಗಲೆ ಕಾರ್ಡಿಗನ್. ತೀರಿಹೋದ ಗಂಡನದು. ಅದರ ತೋಳುಗಳನ್ನು ಎರಡು ಸುತ್ತು ಮಡಚಿಕೊಂಡೇ ಕ್ರೋಶಾ ಹಾಕುತ್ತಿದ್ದರು.

ಕ್ರೋಶಾ ನನಗೆ ಹೊಸದೇನಲ್ಲ. ಚಿಕ್ಕವಳಿದ್ದಾಗ ಬೇಸಿಗೆ ರಜೆಯಲ್ಲಿ ಸೋದರತ್ತೆ ಕಿವಿ ಹಿಂಡಿ ಕಲಿಸಿದ್ದರು. ಹಾಗಾಗಿ ಆ ಶರತ್ಕಾಲದಲ್ಲಿ ನನ್ನ ಕೈ ನಿಲ್ಲಲಿಲ್ಲ. ಬಾಗಿಲಿಗೆ ತೋರಣ, ಬಿಸಿನೀರಿನ ಚೀಲಕ್ಕೆ ಅಂಗಿ, ಕೊನೆಗೆ ಟಿವಿಗೆ ಒಂದು ಹೊದಿಕೆ. ಅಜ್ಜಿ ಬಿದ್ದು ಬಿದ್ದು ನಕ್ಕರು. “ಟಿವಿಗೆ ಯಾಕೆ ಬಟ್ಟೆ? ಅದಕ್ಕೇನು ನೆಗಡಿಯಾಗುತ್ತದಾ?” ನಮ್ಮ ಕಡೆ ಟಿವಿ, ಫ್ರಿಜ್ಜಿನ ಹಿಡಿ, ಗ್ಯಾಸ್ ಸಿಲಿಂಡರ್ ಎಲ್ಲದಕ್ಕೂ ಬಟ್ಟೆಯುಂಟು ಎಂದು ಹರಕು ಜರ್ಮನ್‌ನಲ್ಲಿ, ಕೈಸನ್ನೆಯಲ್ಲಿ ಹೇಳಿದೆ. ಅವರು ನನ್ನ ಹೊಟ್ಟೆ ನೋಡಿ, “ಇದಕ್ಕೆ?” ಎಂದರು. ನಾನು ಕೇಕ್ ಚೆನ್ನಾಗಿದೆ ಎಂದು ಮಾತು ತಿರುಗಿಸಿದೆ.

ಅವರು ಅಷ್ಟಕ್ಕೆ ಬಿಡುವವರಲ್ಲ. ಅಕ್ಟೋಬರಿನ ಆ ಮಧ್ಯಾಹ್ನ ಮಂಡಿನೋವಿನಲ್ಲೂ ಮೆಟ್ಟಿಲು ಹತ್ತಿ ಬಂದು, ತೆಳು ಕಾಗದ ಬಿಡಿಸಿ ತೋರಿಸಿದರು. ಹೊಸ ಬಿಳಿ ಉಲ್ಲನ್ನಿನ ಪುಟಾಣಿ ಕುಲಾವಿ, ಅಂಚಿಗೆ ಚಿಪ್ಪಿನ ಹೆಣಿಗೆ.

ನಾನು ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಬೆಂಗಳೂರಿನಲ್ಲಿ ಮೊದಲ ಸಲ ಬಸುರಿಯಾದಾಗ ಮೂರು ತಿಂಗಳಿಗೇ ಒಂದು ಹಳದಿ ಫ್ರಾಕ್ ತಂದಿಟ್ಟಿದ್ದೆ. ಆ ಮಗು ಉಳಿಯಲಿಲ್ಲ. ಫ್ರಾಕಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರೂ ಹೇಳಿದರು, ನನಗೂ ಗೊತ್ತು. ಗೊತ್ತಿದ್ದುದು ತಲೆಗೆ, ಕೈಗಲ್ಲ. ಈ ಸಲ ಅಮ್ಮ ಫೋನಿನಲ್ಲಿ ದಿನಾ ಒಂದೇ ಪಾಠ: “ನೋಡು ಪುಟ್ಟಿ, ಮಗು ಕೈಗೆ ಬರೋವರೆಗೂ ಒಂದು ನೂಲೂ ಮನೆಗೆ ತರಬೇಡ. ಹುಟ್ಟಿದ್ಮೇಲೂ ನಾಮಕರಣದವರೆಗೆ ಹಳೇದೇ ಹಾಕ್ಬೇಕು. ನನ್ನ ಹಳೇ ಸೀರೆ ಮೆತ್ತಗಾಗಿದೆ, ಬರುವಾಗ ತರ್ತೀನಿ.”

ಇದನ್ನೆಲ್ಲ ಹೇಳುವಷ್ಟು ಜರ್ಮನ್ ನನಗೆಲ್ಲಿತ್ತು? ಬಾಯಿಗೆ ಬಂದದ್ದು “ನೈನ್”, ಬೇಡ ಎಂಬ ಒಂದೇ ಮಾತು. ಅದನ್ನೇ ಮೂರು ಸಲ ಹೇಳಿದೆ. ಅಜ್ಜಿ ಕುಲಾವಿಯನ್ನು ಕಾಗದದಲ್ಲಿ ಮತ್ತೆ ಸುತ್ತಿಕೊಂಡು ಕೆಳಗಿಳಿದರು. ಮೆಟ್ಟಿಲಿಗೆ ಒಂದೊಂದೇ ಕಾಲಿಡುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಆಮೇಲೆ ಅವರು ಕರೆಯಲಿಲ್ಲ, ನನಗೆ ಹೋಗುವ ಮುಖವಿರಲಿಲ್ಲ. ಚಳಿಗಾಲಕ್ಕೆಂದು ಅಲ್ಲಿನವರೆಲ್ಲ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲಂತೂ ಐದಕ್ಕೇ ಕತ್ತಲು. ಮೇಣದಬತ್ತಿ ಹಚ್ಚಿ, ಕುಂಬಳಕಾಯಿ ಸಾರು ಕುದಿಸಿ, ಮೊಬೈಲಿನ ಚಿತ್ರಗಳಲ್ಲಿ ಇರುವಂತೆ ಮನೆಯನ್ನು ಬೆಚ್ಚಗೆ ಮಾಡಿಕೊಂಡು ಕೂರುತ್ತಿದ್ದೆ. ಸಾರು ಚೆನ್ನಾಗಿದೆ ಎನ್ನಲು ಯಾರೂ ಇರಲಿಲ್ಲ. ಹೆರಿಗೆ ನೋವು ಮಂಗಳವಾರ ಶುರುವಾದರೆ ಯಾರ ಬಾಗಿಲು ತಟ್ಟಲಿ ಎಂದು ಹೆದರುತ್ತಿದ್ದೆ. ತಟ್ಟಬಹುದಾಗಿದ್ದ ಒಂದೇ ಬಾಗಿಲನ್ನು ನಾನೇ ಮುಚ್ಚಿಸಿಕೊಂಡಿದ್ದೆ. ಟಿವಿಗೆ ಹಾಕಿದ ಹೊದಿಕೆ ನೋಡಿದರೆ ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು.

ತಡೆಯಲಾಗದೆ ಒಂದು ದಿನ ಮೊಬೈಲಿನಲ್ಲಿ ಪದ ಹುಡುಕಿ, ಬಾಯಿಪಾಠ ಮಾಡಿಕೊಂಡು ಕೆಳಗೆ ಹೋದೆ. ಅಜ್ಜಿ ಬಾಗಿಲನ್ನು ಅರ್ಧ ತೆರೆದರು.

“ನಮ್ಮಲ್ಲಿ ಮಗುವಿಗೆ ಮೊದಲು ಹಳೆಯದು. ಹಿರಿಯರು ಹಾಕಿದ್ದು. ಹೊಸದು ಆಮೇಲೆ. ಮೊದಲೊಂದು ಮಗು ಹೋಯಿತು. ನನಗೆ ಭಯ.”

ಅವರು ನನ್ನನ್ನೇ ನೋಡಿದರು. “ಹಳೆಯದು?” ಎಂದರು. “ಹೌದು.” “ಹ್ಮ್,” ಎಂದು ಬಾಗಿಲು ಹಾಕಿಕೊಂಡರು. ನಾನು ಮೇಲೆ ಬಂದು ಚೆನ್ನಾಗಿ ಅತ್ತೆ.

ನೋವು ಶುರುವಾಗಿದ್ದು ಶನಿವಾರ. ಗಂಡ ಪಕ್ಕದಲ್ಲಿದ್ದ, ದೇವರು ದೊಡ್ಡವನು. ಮಗಳು ಹುಟ್ಟಿದಳು, ಇಬ್ಬರೂ ಚೆನ್ನಾಗಿದ್ದೆವು. ಅವಳನ್ನು ಎತ್ತಿಕೊಂಡು ಮನೆಗೆ ಬಂದಾಗ ನಮ್ಮ ಬಾಗಿಲ ಹಿಡಿಗೆ ಒಂದು ಬಟ್ಟೆಚೀಲ ನೇತಾಡುತ್ತಿತ್ತು.

ಒಳಗೊಂದು ಕುಲಾವಿ, ಒಂದು ಪುಟ್ಟ ಹೊದಿಕೆ. ಎರಡೂ ಇಟ್ಟಿಗೆ ಬಣ್ಣ. ಮುಟ್ಟಿದ ಕೂಡಲೇ ತಿಳಿಯಿತು, ಇದು ಅಂಗಡಿಯ ಉಲ್ಲನ್ ಅಲ್ಲ. ಬಿಚ್ಚಿದ ಉಲ್ಲನ್ ಒಗೆದು ಭಾರ ಕಟ್ಟಿ ಒಣಗಿಸಿದರೂ ಹಳೆಯ ಹೆಣಿಗೆಯ ಸುರುಳಿ ಪೂರ್ತಿ ಬಿಡುವುದಿಲ್ಲ. ಒಂದೆರಡು ಕಡೆ ಎಳೆ ಸವೆದು ತೆಳ್ಳಗಾಗಿತ್ತು, ಅಲ್ಲಿ ಗಂಟು ಹಾಕಿ ಒಳಗೆ ಅಡಗಿಸಿದ್ದರು. ಹಿಟ್ಟಿನಂತೆ ಮೆತ್ತಗಿತ್ತು.

ವಿಡಿಯೋ ಕಾಲಿನಲ್ಲಿ ಅಮ್ಮ ಮೊಮ್ಮಗಳ ಮುಖಕ್ಕಿಂತ ಮೊದಲು ತಲೆ ನೋಡಿದರು. “ಏನೇ ಅದು, ಹೊಸದಾ?”

“ಇಲ್ಲಮ್ಮ, ಹಳೇದು.”

“ಯಾರದು?”

“ಕೆಳಗಡೆ ಮನೆ ಅಜ್ಜಿ ಯಜಮಾನ್ರದು.”

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಅವರ ಹಳೇ ಸೀರೆ ಹಿಂದಿನ ಕುರ್ಚಿಯ ಮೇಲೆ ಮಡಚಿದಂತೆಯೇ ಇತ್ತು. “ಹಂಗಾದ್ರೆ ಇರಲಿ ಬಿಡು. ಕಿವಿ ಮುಚ್ಚೋ ಹಂಗೆ ಎಳಿ.”

ಸಂಜೆ ಮಗಳನ್ನು ಎತ್ತಿಕೊಂಡು ಕೆಳಗೆ ಹೋದೆ. ಅಜ್ಜಿಯ ಮೈಮೇಲೆ ಆ ಕಾರ್ಡಿಗನ್ ಇರಲಿಲ್ಲ, ತೆಳು ಬ್ಲೌಸಿನ ಮೇಲೆ ಮಳೆಯ ಕೋಟು ಹಾಕಿಕೊಂಡೇ ಬಾಗಿಲು ತೆರೆದರು. ಮಗುವಿನ ಮುಖ ನೋಡಲಿಲ್ಲ. ಮೊದಲು ಕುಲಾವಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಹಾಗೆಯೇ ನಿಂತರು.

“ಒಳಗೆ ಬಾ,” ಎಂದರು. “ಹೀಟರ್ ಹಾಕಿದ್ದೇನೆ.”