ಕೆಟ್ಟಾಂವ ಇಲ್ಲದ ನಾಟಕ

ನಮ್ಮೂರಾಗ ಸುಗ್ಗಿ ಮುಗೀತಂದ್ರ ನಾಟಕ ಆಗಾಕಬೇಕು. ಇಲೆಕ್ಷನ್ ಬರ್ಲಿ, ಬಿಡ್ಲಿ, ಸಾಲಿ ಮುಂದಿನ ಬಯಲಾಗ ಪಡದೆ ಕಟ್ಟಬೇಕು, ಮುಖಕ್ಕ ಬಣ್ಣ ಹಚ್ಚಬೇಕು. ಊರು ಹಾನಗಲ್ ತಾಲೂಕಿನದು, ಅಕ್ಕಿಆಲೂರಿಗೆ ಸಮೀಪ. ನಾಟಕ ಬರಿಯಾಕಿ ನಾನು. ಅದ ಊರಿನ ಕನ್ನಡ ಸಾಲ್ಯಾಗ ಹುಡುಗರಿಗೆ ಒದರಿ ಒದರಿ ರಿಟೈರ್ ಆದಾಕಿ. ಬಾಯೇರಿಗೆ ಸಿಟ್ಟು ಮೂಗಿನ ತುದಿ ಮ್ಯಾಲ ಐತಿ ಅಂತ ಮಂದಿ ಅಂತಾರ. ಸುಳ್ಳ ಹೇಳ್ತಾರ, ಮೂಗಿನ ತುಂಬಾ ಐತಿ. ಅದಕ್ಕ ನನ್ನ ಕರಿಯೋ ಮುಂದ ಎಲ್ಲಾರೂ ಒಂದೀಟು ದೂರ ನಿಂತ ಕರೀತಾರ.

ನನ್ನ ನಾಟಕದಾಗ ದೊಡ್ಡ ಗುಟ್ಟೇನೂ ಇರಲಿಲ್ಲ. ಒಬ್ಬ ಚಲೋ ಮನಶ್ಯಾ, ಒಬ್ಬ ಕೆಟ್ಟ ಮನಶ್ಯಾ, ನಡುವ ಒಂದು ಹೊಲ ಇಲ್ಲಾ ಒಂದು ಹುಡುಗಿ. ಕೆಟ್ಟಾಂವ ಎರಡು ತಾಸು ಎಲ್ಲಾರನ್ನೂ ಕಾಡಬೇಕು, ಕಡೀಕ ಬೇಡಿ ಹಾಕಿಸ್ಕೋಬೇಕು. ಕತಿ ಅಂದ್ರ ಜಗಳ, ಜಗಳ ಅಂದ್ರ ಕೆಟ್ಟಾಂವ ಅಂತ ನಾ ತಿಳಕೊಂಡಿದ್ದೆ. ಮಂದೀನೂ ಹಂಗ ತಿಳಕೊಂಡಿತ್ತು. ಯಾರಿಗೂ ತ್ರಾಸ ಇರಲಿಲ್ಲ.

ಆ ಕೆಟ್ಟಾಂವನ ಪಾರ್ಟು ವರ್ಷಾ ಮಾಡಾಂವ ನಮ್ಮೂರ ಎಲಿ ಯಾಪಾರಿ. ನಸುಕಿನ್ಯಾಗ ಸವಣೂರಿಗೆ ಹೋಗಿ ತೋಟದಿಂದ ವೀಳ್ಯದೆಲಿ ತಂದು ಹಾನಗಲ್, ಅಕ್ಕಿಆಲೂರಿನ ಪಾನ್ ಅಂಗಡಿಗೆ ಹಾಕಾಂವ. ಬಾಯಾಗ ಬೆರಳಿಟ್ರೂ ಕಚ್ಚದಂಥಾಂವ. ಬಸ್ಸಿನ್ಯಾಗ ಯಾರಿಗರ ಕಾಲು ತಾಗಿದ್ರ ಇಳಿಯೋ ತನಕ ಕೈ ಮುಗೀತಿರ್ತಾನ. ಆದ್ರ ದಪ್ಪ ಮೀಸಿ ಬರದು ಸ್ಟೇಜಿನ ಮ್ಯಾಲೆ ಬಿಟ್ರ, ಯಪ್ಪಾ! ಹೆಣಮಕ್ಕಳು ಲಟಿಗಿ ಮುರದು ಶಾಪಾ ಹಾಕ್ತಾರ. ಒಂದು ವರ್ಷ ಒಬ್ಬಾಕಿ ಮುದುಕಿ ಸಿಟ್ಟಿಗೆದ್ದು ಚಪ್ಪಲಿ ಒಗದ್ಳು. ಮರುದಿನ ಮುಂಜಾನೆ ಅಂವ ಆ ಚಪ್ಪಲಿ ಒರಸಿ, ಆಕಿ ಮನಿಗೆ ಮುಟ್ಟಿಸಿ, ಚಹಾ ಕುಡದು ಬಂದ.

ಹೋದ ವರ್ಷದ ನಾಟಕದಾಗ ಅಂವ ಹೆತ್ತವ್ವನ್ನ ಒದ್ದು ಮನಿ ಹೊರಗ ಹಾಕೋ ಸೀನ್ ಬರದಿದ್ದೆ. ಯಾರೋ ಪುಣ್ಯಾತ್ಮ ಅದಷ್ಟನ್ನ ಮೊಬೈಲಿನ್ಯಾಗ ಹಿಡದು ಸ್ಟೇಟಸ್ ಇಟ್ಟ. ಅದು ಊರೂರು ತಿರುಗಿ ಹಿರೇಕೆರೂರಿಗೆ ಹೋತು. ಅಲ್ಲೆ ಅಂವಗ ಒಂದು ಹೆಣ್ಣು ಗೊತ್ತಾಗೋದ್ರಾಗಿತ್ತು. ಹುಡುಗಿ ಅಜ್ಜಿ ವಿಡಿಯೋ ನೋಡಿ, "ಹೆತ್ತಾಕಿನ್ನ ಒದ್ದಾಂವಗ ನನ್ನ ಮೊಮ್ಮಗಳ್ನ ಕೊಡಂಗಿಲ್ಲ" ಅಂದ್ಳಂತ. ಅದು ನಾಟಕ ಬೇ ಅಂದ್ರ, "ನಾಟಕದಾಗ ಆದ್ರೂ ಅಷ್ಟು ಚಂದ ಒದಿಬೇಕಂದ್ರ ರೂಢಿ ಇರಬೇಕಲ್ಲ" ಅಂದ್ಳಂತ. ಆ ಸಂಬಂಧ ಅಲ್ಲೇ ಮುರದು ಬಿತ್ತು.

ಈ ವರ್ಷ ನಾ ಬರಿಯಾಕ ಕುಂಡ್ರೋದ್ರೊಳಗ ಎಲಿ ಯಾಪಾರಿ ನಮ್ಮ ಕಟ್ಟಿ ಮ್ಯಾಲೆ ಬಂದು ಕುಂತ.

"ಬಾಯೇರ, ಕೆಡಿಸಿದಾವ್ರು ನೀವು. ಸರಿ ಮಾಡಾವ್ರೂ ನೀವ ಆಗಬೇಕ್ರಿ."

ಶಿಗ್ಗಾಂವಿ ಕಡೆಯಿಂದ ಇನ್ನೊಂದು ಸಂಬಂಧ ಬಂದಿತ್ತು. ಹುಡುಗಿ ಹೊಲಿಗಿ ಅಂಗಡಿ ಇಟ್ಟಾಕಿ. ಆಕಿ ಚಿಗವ್ವನ್ನ ನಮ್ಮೂರಿಗೇ ಕೊಟ್ಟಾರ. ನಾಟಕದ ನೆವದಿಂದ ಹುಡುಗಿ, ಆಕಿ ಅಪ್ಪ ಚಿಗವ್ವನ ಮನಿಗೆ ಬಂದು ಇಂವನ್ನ ನೋಡಿಕೊಂಡು ಹೋಗಾವ್ರು. "ಈ ಸಲ ನನಗ ಚಲೋ ಮನಶ್ಯಾನ ಪಾರ್ಟು ಕೊಡ್ರಿ. ಯಾರಿಗೂ ಒದರಂಗಿಲ್ಲ, ಯಾರನ್ನೂ ಮುಟ್ಟಂಗಿಲ್ಲ. ಕೂದಲಾ ನೆರಿಯಾಕತ್ತಾವ್ರಿ ಬಾಯೇರ. ಇದೂ ಹೋತಂದ್ರ ಮುಗೀತು" ಅಂದ. ಹೇಳ್ತಾ ಹೇಳ್ತಾ ದನಿ ಸಣ್ಣದಾತು. ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ, ನಾ ಒಂದು ನಾಟಕ ಬರದ್ರ ಗಂಟೇನು ಹೋಗ್ತೈತಿ ಅಂತ ಹೂಂ ಅಂದೆ.

ಹಂಗಾರ ಕೆಟ್ಟಾಂವ ಯಾರು? ಯುವಕ ಮಂಡಳದಾವ್ರನ್ನ ಕೂಡಿಸಿ ಕೇಳಿದೆ. ಕಿರಾಣಿ ಅಂಗಡಿಯಾಂವ, "ಗಿರಾಕಿ ಹೋಗ್ತಾರ್ರಿ" ಅಂದ. ಪಂಚಾಯ್ತಿಗೆ ನಿಲ್ಲಬೇಕು ಅಂತಿದ್ದಾಂವ, "ವೋಟು ಹೋಗ್ತಾವ್ರಿ" ಅಂದ. ಮತ್ತೊಬ್ಬಾಂವ, "ನನ್ನ ಹೆಂಡ್ತಿಗೆ ಮೊದ್ಲ ಸಂಶೇ ಐತ್ರಿ" ಅಂದ. ಮೊಬೈಲ್ ಬಂದ ಮ್ಯಾಲೆ ಊರಾಗ ಕೆಟ್ಟಾಂವ ಆಗಾಕ ಒಬ್ಬಾಂವಗೂ ಧೈರ್ಯ ಉಳಿದಿಲ್ಲ ನೋಡ್ರಿ. ನಾನು, ಹಾಳಾಗಿ ಹೋಗ್ರಿ, ಎಲ್ಲಾರೂ ಚಲೋದವರ ಆಗ್ರಿ ಅಂತ ಎದ್ದು ಬಂದೆ.

ಬರದೆ. ಒಬ್ಬ ಮಗ, ಒಬ್ಬಾಕಿ ತಾಯಿ, ಮಗನ ಮದುವಿ. ತಾಯಿ ಮಗಗ ಹರಸ್ತಾಳ, ಮಗ ತಾಯಿಗೆ ನಮಸ್ಕಾರ ಮಾಡ್ತಾನ, ಬೀಗರು ಬರ್ತಾರ, ಎಲ್ಲಾರೂ ಎಲ್ಲಾರ್ನೂ ಹೊಗಳ್ತಾರ. ತಾಲೀಮು ಸುರು ಆತು. ಸವಣೂರಿನಿಂದ ಬರೋ, ಹಾರ್ಮೋನಿಯಂ ಬಾರಿಸೋ ನಮ್ಮ ಪೇಟಿ ಮಾಸ್ತರು ಒಬ್ಬ ವಯಸ್ಸಾದ ಸಾಹೇಬರು. ಮೊದಲನೇ ದಿನ ಪೇಟಿ ಬಾರಿಸಿದ್ರು, ಎರಡನೇ ದಿನ ಪೇಟಿ ಮ್ಯಾಲ ಮಲಗಿದ್ರು. ನಾ ಎಬ್ಬಿಸಿದ್ರ, "ಬಾಯೇರ, ನಾ ಎಲ್ಲೆ ಬಾರಿಸ್ಲಿ ಹೇಳ್ರಿ? ಸಿಟ್ಟಿಗೊಂದು ರಾಗ ಐತಿ, ದುಃಖಕ್ಕೊಂದು ಐತಿ. ಇವ್ರು ಬಂದಾಗಿಂದ ಬರೇ ಚಹಾ ಕುಡ್ಯಾಕತ್ತಾರ. ಚಹಾಕ್ಕ ಯಾವ ರಾಗ ಹಚ್ಚಲ್ರಿ?" ಅಂದ್ರು. ಎಲ್ಲಾರೂ ನಕ್ಕರು. ನನಗ ಪಿತ್ತ ನೆತ್ತಿಗೇರಿತು, ಆದ್ರ ಅವರ ಮಾತು ಖರೇನ ಇತ್ತು. ಎಲಿ ಯಾಪಾರಿ ಸ್ಟೇಜಿನ ಮ್ಯಾಲೆ ಕೈ ಕಟಗೊಂಡು ನಿಂತಿದ್ದ. ಅಷ್ಟು ಒಳ್ಳೇವನಾಗಿದ್ದ ಅಂದ್ರ ಅಂವ ಯಾರು ಅಂತ ನನಗ ಗೊತ್ತಾಗಲಿಲ್ಲ.

ಇದು ಆಗೋ ಹೋಗೋ ಮಾತಲ್ಲ, ಈ ವರ್ಷ ನಾಟಕ ಬ್ಯಾಡ ಅಂತ ಹೇಳಿಬಿಡೋಣು ಅಂತ ಒಂದಿನ ಸಂಜಿಮುಂದ ಅವನ ಮನಿಗೆ ಹೋದೆ. ಓಣಿ ತಿರುಗೋದ್ರೊಳಗ ಅವನ ದನಿ ಕೇಳಿಸ್ತು. ಒಳಗ ಅವ್ವ ಮಗಂದು ಜೋರು ಜಗಳ ನಡದಿತ್ತು. ಅವ್ವ ಈಗಿಂದ್ಲೇ ಎರಡು ಸೀರಿ ಮಡಚಿ ಚೀಲದಾಗ ಇಡಾಕತ್ತಿದ್ಳು. ಮದುವಿ ಆದಕೂಡ್ಲೇ ಮಾಸೂರಿಗೆ, ತನ್ನ ತಮ್ಮನ ಮನಿಗೆ ಹೋಗಿ ಇರ್ತೇನಿ, ಹೊಸಾ ಹುಡುಗಿ ಬಂದಾಗ ಎರಡು ಖೋಲಿ ಮನ್ಯಾಗ ನಾ ಯಾಕ ಅಡ್ಡಾಗ್ಲಿ ಅನ್ನೋದು ಆಕಿ ಮಾತು.

"ಹೋಗ ಹೋಗು! ನೀ ಮುಂದ ಹೋಗು, ನಾ ಹಿಂದಿಂದ ಬರ್ತೇನಿ. ಮದುವಿನೂ ಬ್ಯಾಡ, ಯಾಪಾರಾನೂ ಬ್ಯಾಡ, ಇಬ್ರೂ ಹೋಗಿ ಮಾಸೂರ ಕೆರಿ ದಂಡಿಗೆ ಕುಂದ್ರೋಣು!" ಅಂತ ಇಂವ ಒದರಾಕತ್ತಿದ್ದ.

"ನಿನ್ನ ಸುಖದ ಸಲುವಾಗಿ ಹೊಂಟೇನೋ ಭಾಡ್ಯಾ!"

"ನಿನ್ನ ಕೇಳಿದಾವ್ರು ಯಾರು ನನ್ನ ಸುಖಾನ?"

ಆಕಿ ಸೀರಿ ಚೀಲದಾಗ ಇಡೋದು, ಇಂವ ತಗದು ಗೂಟಕ್ಕ ಹಾಕೋದು. ನನ್ನ ನೋಡಿ ಅವ್ವ ಚೀಲ ಹಿಂದಕ್ಕ ಸರಿಸಿದ್ಳು. ಇಂವ ನಾಚಿ, "ಕುಂದರ್ರಿ ಬಾಯೇರ, ಏನಿಲ್ರಿ, ಹಂಗ ಮಾತಾಡಾಕತ್ತಿದ್ವಿ" ಅಂದ.

ಅಲ್ರಿ, ಇಷ್ಟು ವರ್ಷ ನಾಟಕ ಬರದೆ, ಕಣ್ಣ ಮುಂದಿದ್ದದ್ದು ಕಾಣಲಿಲ್ಲಲ್ಲ ನನಗ! ಆ ಮನ್ಯಾಗ ಕೆಟ್ಟಾವ್ರು ಯಾರಿದ್ರು? ಇಬ್ರೂ ಬಂಗಾರದಂಥಾವ್ರು. ಅವ್ವಗ ಮಗನ ಚಿಂತಿ, ಮಗಗ ಅವ್ವನ ಚಿಂತಿ, ಆದ್ರ ಒಬ್ಬರ ಮಾತು ನಡೀಬೇಕಂದ್ರ ಇನ್ನೊಬ್ಬರದು ಮುರೀಬೇಕು. ಅಲ್ಲೆ ಐತಿ ಕತಿ. ಕೆಟ್ಟಾಂವನ ಜಗಳದಾಗ ಯಾರು ಗೆಲ್ಲಬೇಕು ಅಂತ ಮಂದಿಗೆ ಮೊದ್ಲ ಗೊತ್ತಿರ್ತೈತಿ, ಕಡ್ಲಿ ತಿನ್ಕೋತ ನೋಡ್ತಾರ. ಇಬ್ರು ಚಲೋದವರ ಜಗಳದಾಗ ಯಾರ ಕಡೆ ನಿಂದ್ರಬೇಕು ಅಂತ ತಿಳಿಯೋದಿಲ್ಲ. ಆಗ ಕಡ್ಲಿ ಕೈಯಾಗ ಉಳೀತಾವು. ನಾ ಬಂದ ಕೆಲಸ ಮರತು, ಚಹಾ ಸೈತ ಕುಡೀದ ಮನಿಗೆ ಓಡಿ ಬರಿಯಾಕ ಕುಂತೆ. ಅಷ್ಟು ಖುಷಿ ನನಗ ಪೆನ್ಶನ್ ಬಂದ ದಿನಾನೂ ಆಗಿರಲಿಲ್ಲ.

ಹೊಸಾ ನಾಟಕ ಓದಿದ ಕೂಡ್ಲೇ ಎಲಿ ಯಾಪಾರಿ ಬೆವತ. ತಾಯಿ ಮನಿ ಬಿಟ್ಟು ಹೊಂಟಾಗ ಮಗ ಸಿಟ್ಟಿನಿಂದ ಆಕಿ ಕೈಯಾಗಿನ ಚೀಲ ಕಸಗೊಂಡು ಒಗಿಬೇಕು, ಜೋರಾಗಿ ಒದರಬೇಕು ಅಂತ ಬರದಿದ್ದೆ. "ಬ್ಯಾಡ್ರಿ ಬಾಯೇರ! ಅದಷ್ಟ ವಿಡಿಯೋ ಮಾಡಿ ಬಿಟ್ರ? ಹೋದ ವರ್ಷ ಅವ್ವನ್ನ ಒದ್ದ, ಈ ವರ್ಷ ಅವ್ವನ ಚೀಲ ಒಗದ ಅಂತಾರ್ರಿ." ನಾನು, "ಒದರಲಿಲ್ಲಂದ್ರ ನೀ ಆಕಿನ್ನ ಬಿಟ್ಟುಕೊಟ್ಟಂಗ. ಯಾವುದು ಚಲೋ ಹೇಳು?" ಅಂದೆ. ಅಂವ ಮತ್ತೊಮ್ಮೆ ಬೆವರು ಒರಸಿಕೊಂಡ. ಪೇಟಿ ಮಾಸ್ತರು ಮಾತ್ರ ಎದ್ದು ಕುಂತು, ಅಂಗಿ ತೋಳು ಮ್ಯಾಲೇರಿಸಿಕೊಂಡ್ರು.

ಈಗ ಮೊದಲಿನಂಗ ಬೆಳತನಕ ನಾಟಕ ಇಲ್ಲ, ಹತ್ತಕ್ಕ ಮೈಕ್ ಬಂದ್ ಮಾಡಬೇಕು. ಅದಕ್ಕ ಹೊತ್ತು ಮುಣಗಿದ ಕೂಡ್ಲೇ ಪಡದೆ ಎತ್ತಿದ್ವಿ. ಬಯಲ ತುಂಬ ಮಂದಿ. ಶಿಗ್ಗಾಂವಿ ಬೀಗರು ಮುಂದ ಖುರ್ಚಿ ಮ್ಯಾಲ ಕುಂತಿದ್ರು, ಹುಡುಗಿ ಚಿಗವ್ವನ ಮಗ್ಗಲಿಗಿದ್ಳು. ಎಲಿ ಯಾಪಾರಿ ಒಂದು ಕಣ್ಣು ಪಾರ್ಟಿನ ಮ್ಯಾಲೆ, ಒಂದು ಕಣ್ಣು ಹುಡುಗಿ ಅಪ್ಪನ ಮ್ಯಾಲೆ ಇಟ್ಟು ಮಾತಾಡಾಕತ್ತಿದ್ದ. ಚೀಲದ ಸೀನ್ ಬಂತು. ತಾಯಿ ಪಾರ್ಟಿನಾಕಿ, ಗದಗಿನಿಂದ ಕರಿಸಿದ ಕಲಾವಿದೆ, ಅಳಕೋತ ಹೊಂಟ್ಳು. ಇಂವ ಮೆಲ್ಲಕ ಹೋಗಿ, ಪಾನ್ ಅಂಗಡಿಯಾಗ ಎಲಿ ಕೊಟ್ಟಂಗ, "ಹೋಗಬ್ಯಾಡವಾ" ಅಂದ. ಹಿಂದಿನಿಂದ ಸಿಳ್ಳಿ ಬಿತ್ತು. "ಹೋಗ್ಲಿ ಬಿಡೋ, ಬಸ್ಸಿಗೆ ಹೊತ್ತಾತು!" ಅಂತ ಯಾವನೋ ಕೂಗಿದ. ನಾನು ಪಡದೆ ಹಿಂದ ನಿಂತು ಹಲ್ಲು ಕಡೀತಿದ್ದೆ.

ಅಷ್ಟರಾಗ ಹೆಣಮಕ್ಕಳ ನಡುವಿಂದ ಅವನ ಖರೇ ಅವ್ವ ಎದ್ದು ನಿಂತ್ಳು. "ಏ ಮಗನ, ಗಂಟಲಿಗೆ ಏನಾಗೇತೋ? ಮನ್ಯಾಗ ನನ್ನ ಮ್ಯಾಲೆ ಹೆಂಗ ಹಾರ್ಯಾಡ್ತಿ, ಹಂಗ ಹಾರ್ಯಾಡು!"

ಮಂದಿ ಹೋ ಅಂತ ನಕ್ತು. ಇಂವ ಮುಖಾ ಕೆಂಪಗ ಮಾಡಿಕೊಂಡು ಸ್ಟೇಜಿನ ತುದಿಗೆ ಬಂದ. ಪಾರ್ಟು ಮರತ, ಬೀಗರನ್ನ ಮರತ.

"ನೀ ಬಾಯಿ ಮುಚ್ಚವಾ ಮೊದ್ಲ! ದಿನಾ ಮಣಕಾಲು ನೋವು ಅಂತ ನರಳ್ತಿ, ಇಲ್ಲೆ ಬಂದು ಥಂಡಿ ನೆಲಕ್ಕ ಕುಂತೀಯಲ್ಲ, ಬುದ್ಧಿ ಐತೇನು ನಿನಗ? ಏ, ಯಾರರ ಆಕಿಗೊಂದು ಖುರ್ಚಿ ಕೊಡ್ರೋ!"

"ಎಲ್ಲಾರೂ ನೆಲಕ್ಕ ಕುಂತಾರ, ನಾನೇನು ದೇಸಗತ್ತಿ ದೊಡ್ಡಮನಿಯಾಕಿ?"

"ಕುಂದ್ರು ಅಂದ್ರ ಕುಂದ್ರಬೇಕು! ಇಲ್ಲಂದ್ರ ನಾಟಕ ಇಲ್ಲಿಗೆ ಬಂದ್!"

ಮೊಬೈಲ್ ಎಲ್ಲಾ ಮ್ಯಾಲೆದ್ದವು. ಮುಗೀತು, ಈ ಮದುವಿನೂ ಹೋತು ಅಂತ ನಾ ತಲಿ ಬಡಕೊಂಡೆ. ಒಂದು ಖುರ್ಚಿ ಮಂದಿ ತಲಿ ಮ್ಯಾಲಿಂದ ದಾಟಿ ಬಂತು. ಅವ್ವ ಬೈಕೋತ ಕುಂತ್ಳು. ಇಂವ ಅದ ಸಿಟ್ಟಿನ್ಯಾಗ ಹೊಳ್ಳಿ, ಕಲಾವಿದೆ ಕೈಯಾಗಿನ ಚೀಲ ಕಸಗೊಂಡು ಒಗದ. ಅದು ಸ್ಟೇಜಿನ ಆ ತುದಿಗೆ ಹೋಗಿ ಬಿತ್ತು. ಆಕಿ ತರಾಕ ಹೋದ್ಳು. ಇಂವ ಓಡಿ ಹೋಗಿ ಚೀಲದ ಮ್ಯಾಲೆ ಕುಂತುಬಿಟ್ಟ! ಅದು ನಾ ಬರದದ್ದಲ್ಲ. "ಈಗ ಹೆಂಗ ಹೋಗ್ತಿ, ಹೋಗು ನೋಡೋಣು" ಅಂದು ಗಳಗಳ ಅತ್ತ. ಬಯಲಾಗ ಒಂದು ಸಿಳ್ಳಿ ಇಲ್ಲ. ಪೇಟಿ ಮಾಸ್ತರು ಕಣ್ಣು ಮುಚ್ಚಿ ಬಾರಿಸಾಕತ್ತಿದ್ರು, ನಿದ್ದಿ ಹತ್ತಿ ಅಲ್ಲ ಮತ್ತ.

ಮರುದಿನ ಮುಂಜಾನೆ ಹುಡುಗಿ ಅಪ್ಪ ನಮ್ಮ ಮನಿಗೆ ಬಂದ್ರು. ಹಿಂದ ಹುಡುಗೀನೂ ಇದ್ಳು. ಇವ್ರು ಇಲ್ಲ ಅನ್ನಾಕ ಬಂದಾರ, ನೇರ ಅವನ ಮನಿಗೆ ಹೋಗಿ ಹೇಳಾಕ ಮನಸ್ಸಾಗಿಲ್ಲ ಅಂತ ತಿಳಕೊಂಡೆ. ಅವಲಕ್ಕಿ ಕೊಟ್ಟೆ, ಚಹಾ ಕೊಟ್ಟೆ. ಅಪ್ಪ ತಿಂದು ತಾಟು ಕೆಳಗಿಟ್ರು. ನನಗ ತಡಕೊಳ್ಳಾಕ ಆಗಲಿಲ್ಲ. "ನೋಡ್ರಿ, ಹುಡುಗ ಸಿಟ್ಟಿನಾಂವಲ್ರಿ. ಅದೆಲ್ಲಾ ನಾ ಬರದಿದ್ದು. ಬೈಯೋದಿದ್ರ ನನಗ ಬೈಯ್ರಿ" ಅಂದೆ.

ಹುಡುಗಿ ಚಹಾದ ಬಟ್ಟಲಾ ಕೆಳಗಿಟ್ಳು. "ಅವ್ವಗ ಖುರ್ಚಿ ಕೊಡ್ರಿ ಅಂತ ಒದರಿದ್ರಲ್ರಿ, ಅದೂ ನೀವ ಬರದದ್ದೇನ್ರಿ ಬಾಯೇರ?"

"ಇಲ್ಲವಾ. ಅದು ನಾ ಬರದದ್ದಲ್ಲ."

ಆಕಿ ಅಪ್ಪನ ಕಡೆ ತಿರುಗಿದ್ಳು. "ನನ್ನ ನೋಡಾಕ ಬಂದಾವ್ರೆಲ್ಲಾ ಚಲೋನ ಇದ್ರು ಅಪ್ಪಾ. ಮೆಲ್ಲಕ ಮಾತಾಡಿ, ಚಹಾ ಕುಡದು ಹೋದ್ರು. ಸಿಟ್ಟು ಬಂದಾಗ ಬಾಯಾಗ ಏನು ಬರ್ತೈತಿ ಅಂತ ಒಬ್ಬರದೂ ಗೊತ್ತಾಗಲಿಲ್ಲ. ಇವರದು ಕೇಳಿದೆ. ಹೂಂ ಅಂತ ಹೇಳು."